ಧೂಳೂ ಎಂಜಿನ್ನೂ

ಧೂಳೆಂಬ ಪದಾರ್ಥಕ್ಕೆ ನಮ್ಮ ಹಿರಿಯರು ಕೊಟ್ಟ ಮರ್ಯಾದೆ ಸಣ್ಣದಲ್ಲ. ದನಗಳು ಮೇದು ಮನೆಗೆ ಮರಳುವಾಗ ಎದ್ದ ಧೂಳಿನಿಂದ ಒಂದು ಶುಭಲಗ್ನಕ್ಕೇ ಗೋಧೂಳಿ ಎಂದು ಹೆಸರಾಯಿತು. ಗುರುಹಿರಿಯರ ಪಾದಧೂಳಿ ತಲೆಯ ಮೇಲೇರಿತು. ಕಾವ್ಯಗಳಲ್ಲಿ ಸೇನೆ ಹೊರಟಿತೆಂದರೆ ಅದರ ಕಾಲ್ತುಳಿತಕ್ಕೆ ಎದ್ದ ಕೆಂದೂಳಿ ಸೂರ್ಯನನ್ನು ಮರೆಮಾಡಲೇಬೇಕು. ಮಾಡದಿದ್ದರೆ ಅದು ಸೇನೆಯೇ ಅಲ್ಲ. ರಜ, ರೇಣು, ಪಾಂಸು ಎಂದು ಸಂಸ್ಕೃತದಿಂದ ಬಂದ ಹೆಸರುಗಳು ಸಾಲದೆಂಬಂತೆ ಹುಡಿ ಎಂಬ ಅಚ್ಚಗನ್ನಡದ ಮಾತೂ ನಮ್ಮಲ್ಲಿ ಉಂಟು. ಇಷ್ಟೆಲ್ಲ ಹೆಸರು ಪಡೆದ ಈ ಧೂಳಿಗೆ ಕಬ್ಬಿಣವನ್ನು ತಿನ್ನುವ ಶಕ್ತಿಯೂ ಇದೆ ಎಂಬ ಸಂಗತಿ ಮಾತ್ರ, ಮನೆಯ ಮುಂದೆ ಒಂದು ಎಂಜಿನ್ನು ಬಂದು ನಿಂತ ಮೇಲೆಯೇ ನಮ್ಮ ಜನಕ್ಕೆ ತಿಳಿಯತೊಡಗಿತು.

ಕನ್ನಡ ಪಾಠ ಹೇಳುವವನಿಗೆ ಎಂಜಿನ್ನಿನ ಗೊಡವೆ ಏಕೆಂದು ನೀವು ಕೇಳಬಹುದು. ಹಳ್ಳಿಯ ಹೈಸ್ಕೂಲಿನ ಮೇಷ್ಟರಿಗೆ ಕೋರ್ಟಿನ ನೋಟೀಸು, ಬ್ಯಾಂಕಿನ ಪತ್ರ, ಔಷಧದ ಚೀಟಿ ಎಲ್ಲವನ್ನೂ ಓದಿ ಹೇಳುವ ಕೆಲಸ ತಾನಾಗಿ ಬರುತ್ತದೆ. ಟ್ರ್ಯಾಕ್ಟರಿನ ಜೊತೆಗೆ ಬರುವ ಕೈಪಿಡಿಯೂ ಹಾಗೆಯೇ ನನ್ನ ಜಗಲಿಗೆ ಬಂದಿತು. ಕೆಲವು ಕೈಪಿಡಿಗಳು ಇಂಗ್ಲಿಷಿನಲ್ಲಿರುತ್ತವೆ. ಕೆಲವು ಕನ್ನಡದಲ್ಲಿಯೇ ಇರುತ್ತವೆ. ಆದರೆ ಆ ಕನ್ನಡವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗುತ್ತದೆ. ಹೀಗೆ ಓದುತ್ತ, ಓದಿದ್ದನ್ನು ಗ್ಯಾರೇಜಿನವರ ಬಾಯಲ್ಲಿ ಕೇಳಿ ತಾಳೆ ನೋಡುತ್ತ ಹೋದಾಗ ಒಂದು ಮಾತು ಸ್ಪಷ್ಟವಾಯಿತು. ನಮ್ಮ ಬಯಲುಸೀಮೆಯಲ್ಲಿ ಅವಧಿಗೆ ಮೊದಲೇ ಮುದಿಯಾಗುವ ಎಂಜಿನ್ನುಗಳಿಗೆ ಧೂಳೇ ಬಹುಮಟ್ಟಿಗೆ ಕಾರಣ. ಆ ಧೂಳು ಒಳಗೆ ಹೋಗುವುದಕ್ಕೆ ಬಹುಮಟ್ಟಿಗೆ ನಮ್ಮ ಕೈಯೇ ಕಾರಣ.

ಮೊದಲು ಧೂಳಿನ ಗುಣವನ್ನು ನೋಡೋಣ. ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞನು 1812ರಲ್ಲಿ ಕಲ್ಲುಗಳ ಗಡಸುತನಕ್ಕೆ ಒಂದು ಶ್ರೇಣಿಯನ್ನು ಹಾಕಿಕೊಟ್ಟನು. ಯಾವುದು ಯಾವುದನ್ನು ಗೀರಬಲ್ಲುದು ಎಂಬುದೇ ಅಲ್ಲಿನ ಪರೀಕ್ಷೆ. ಉಗುರಿನಿಂದ ಗೀರಿದರೂ ಗೀರಾಗುವ ಬಳಪದ ಕಲ್ಲಿನ ಜಾತಿಗೆ ಒಂದನೆಯ ಸ್ಥಾನ, ವಜ್ರಕ್ಕೆ ಹತ್ತನೆಯದು. ಬೆಣಚುಕಲ್ಲು, ಎಂದರೆ ಸ್ಫಟಿಕ, ಏಳನೆಯ ಸ್ಥಾನದಲ್ಲಿದೆ. ಸಾಮಾನ್ಯ ಚಾಕುವಿನ ಉಕ್ಕು ಐದೂವರೆಯ ಆಸುಪಾಸು. ಎಂಜಿನ್ನಿನ ಸಿಲಿಂಡರನ್ನು ಮಾಡುವ ಎರಕದ ಕಬ್ಬಿಣ ಅದಕ್ಕಿಂತಲೂ ಕೆಳಗೆ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಕೆಂಪುಮಣ್ಣು ಗ್ರಾನೈಟು ಮತ್ತು ಅದರ ಬಂಧುಬಳಗದ ಕಲ್ಲುಗಳು ಸವೆದು ಆದದ್ದು. ಅದರ ತುಂಬ ಬೆಣಚಿನ ಹುಡಿ. ಹಿತ್ತಲಲ್ಲಿ ಕುಳಿತು ಮರಳು ಹಾಕಿ ಕಂಚಿನ ಪಾತ್ರೆ ಉಜ್ಜುವ ಹೆಂಗಸರಿಗೆ ಈ ಶಾಸ್ತ್ರ ಮೋಸ್ ಹುಟ್ಟುವ ಮೊದಲೇ ಗೊತ್ತಿತ್ತು. ಎರೆಭೂಮಿಯ ಜೇಡಿಯ ಕಣ ಸ್ವಭಾವತಃ ಮೃದುವಾದದ್ದು, ನಿಜ. ಆದರೆ ಅದರ ನಡುವೆಯೂ ಬೆಣಚಿನ ನುಣ್ಣನೆಯ ಹುಡಿ ಸೇರಿಕೊಂಡಿರುತ್ತದೆ. ಮತ್ತು ಜೇಡಿ ಬಹಳ ನುಣುಪಾದ್ದರಿಂದ ಶೋಧಕಗಳನ್ನು ಬೇಗ ಕಟ್ಟಿಬಿಡುತ್ತದೆ. ತುಂಗಭದ್ರೆಯ ಕಾಲುವೆ ಕೆಳಗಿನ ಗಂಗಾವತಿ, ಸಿಂಧನೂರುಗಳ ಭತ್ತದ ಸೀಮೆಯಲ್ಲಿ ಕೊಯ್ಲುಯಂತ್ರಗಳು ಓಡಾಡುವಾಗ ಏಳುವ ಧೂಳು ಬೇರೊಂದು ಬಗೆಯದು. ಭತ್ತದ ಹೊಟ್ಟನ್ನು ಸುಟ್ಟರೆ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಬೂದಿ ಉಳಿಯುತ್ತದೆ. ಆ ಬೂದಿಯಲ್ಲಿ ಬಹುಪಾಲು ಸಿಲಿಕವೇ. ಎಂದರೆ ಭತ್ತದ ಗಿಡ ನೆಲದ ಮರಳಿನ ಸಾರವನ್ನು ಹೀರಿ ತನ್ನ ಕಾಳಿಗೆ ಕವಚ ತೊಡಿಸಿರುತ್ತದೆ. ಸಂಡೂರು, ಹೊಸಪೇಟೆಗಳ ರಸ್ತೆಯಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸುವವರೆಗೆ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ಕಾಲದಲ್ಲಿ ಪ್ರಯಾಣ ಮಾಡಿದವರು, ಗಿಡಮರವೆಲ್ಲ ಕುಂಕುಮ ಬಳಿದಂತೆ ನಿಂತಿದ್ದುದನ್ನು ಮರೆತಿರಲಾರರು. ಆ ಕುಂಕುಮವೂ ಎರಕದ ಕಬ್ಬಿಣಕ್ಕಿಂತ ಗಡಸೇ.

ಇನ್ನು ಎಂಜಿನ್ನಿನ ಉಸಿರಾಟ. ಎಂಜಿನ್ನು ಡೀಸೆಲ್ ಕುಡಿದು ಬದುಕುತ್ತದೆ ಎಂದು ನಾವು ತಿಳಿದಿದ್ದೇವೆ; ಅದು ಬದುಕುವುದು ಹೆಚ್ಚಾಗಿ ಗಾಳಿ ಕುಡಿದು. ಒಂದು ಲೀಟರು ಡೀಸೆಲ್ ಪೂರ್ತಿಯಾಗಿ ಉರಿಯಬೇಕಾದರೆ ಕಡಮೆಯೆಂದರೂ ಹತ್ತು ಸಾವಿರ ಲೀಟರು ಗಾಳಿ ಬೇಕು. ಒಂದು ಲೆಕ್ಕ ಹಾಕಿರಿ. ಮೂರು ಲೀಟರು ಗಾತ್ರದ, ನಮ್ಮ ರೈತರಲ್ಲಿ ಸಾಧಾರಣವಾಗಿ ಕಾಣುವ ಅಳತೆಯ ಟ್ರ್ಯಾಕ್ಟರಿನ ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆ ಎನ್ನೋಣ. ಎರಡು ಸುತ್ತಿಗೊಮ್ಮೆ ಅದು ತನ್ನ ಹೊಟ್ಟೆಯಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೊಟ್ಟೆ ಪೂರ್ತಿ ತುಂಬದೆಂದು ಸ್ವಲ್ಪ ಬಿಟ್ಟು ಎಣಿಸಿದರೂ ನಿಮಿಷಕ್ಕೆ 2,500 ಲೀಟರು ಗಾಳಿಯಾಯಿತು. ಸುಮ್ಮನೆ ಕುಳಿತ ಒಬ್ಬ ಮನುಷ್ಯ ಇಡೀ ಹಗಲೂ ರಾತ್ರಿ ಉಸಿರಾಡುವ ಗಾಳಿ ಸುಮಾರು 10,000 ಲೀಟರು. ಅದನ್ನು ಟ್ರ್ಯಾಕ್ಟರು ನಾಲ್ಕು ನಿಮಿಷದಲ್ಲಿ ಮುಗಿಸುತ್ತದೆ! ಅದೂ ಎಲ್ಲಿಯ ಗಾಳಿ? ಬೇಸಗೆಯಲ್ಲಿ ರೋಟವೇಟರು ಕಟ್ಟಿಕೊಂಡು ತಾನೇ ಎಬ್ಬಿಸಿದ ಧೂಳಿನ ನಡುವಣ ಗಾಳಿ.

ಮುಂದಿನ ದಾರಿ ಕಾಣದಷ್ಟು ಧೂಳು ಎದ್ದಾಗ ಒಂದು ಘನಮೀಟರು ಗಾಳಿಯಲ್ಲಿ ಒಂದು ಗ್ರಾಂ ಧೂಳು ಇರಬಹುದು. ದಿನವೆಲ್ಲ ಅಷ್ಟು ಇರುವುದಿಲ್ಲ. ಕೆಟ್ಟ ಹೊತ್ತಿನ ಲೆಕ್ಕ ಇದು. ಆ ಹೊತ್ತಿನಲ್ಲಿ ಶೋಧಕವೇ ಇಲ್ಲದಿದ್ದರೆ ಗಂಟೆಗೆ 150 ಗ್ರಾಂ, ಎಂದರೆ ಎಂಟು ಗಂಟೆ ದುಡಿದರೆ ಒಂದು ಕಿಲೋವಿಗೆ ಮೀರಿದ ಧೂಳು ಎಂಜಿನ್ನಿನ ಬಾಯೊಳಗೆ ಹೋಗುತ್ತದೆ. ಶೋಧಕ ನೂರಕ್ಕೆ 99 ಪಾಲು ಧೂಳನ್ನು ಹಿಡಿಯುತ್ತದೆ ಎನ್ನಿರಿ. ಆಗಲೂ ದಿನಕ್ಕೆ 12 ಗ್ರಾಂ ಒಳಗೆ. 99.9 ಪಾಲು ಹಿಡಿದರೆ 1.2 ಗ್ರಾಂ. ಪರೀಕ್ಷೆಯಲ್ಲಿ 99 ಬಂದ ಹುಡುಗನಿಗೂ 99.9 ಬಂದವನಿಗೂ ನಾವು ಮೇಷ್ಟರು ಭೇದವೆಣಿಸುವುದಿಲ್ಲ, ಇಬ್ಬರ ಬೆನ್ನನ್ನೂ ತಟ್ಟುತ್ತೇವೆ. ಎಂಜಿನ್ನು ಭೇದವೆಣಿಸುತ್ತದೆ. ಒಬ್ಬನು ಇನ್ನೊಬ್ಬನ ಹತ್ತರಷ್ಟು ಧೂಳನ್ನು ಒಳಗೆ ಬಿಟ್ಟವನು. ಶೋಧಕದ ಅಂಚಿನಲ್ಲಿ ಕಾಣದಷ್ಟು ಸಣ್ಣ ಸಂದಾದರೆ ಏನಾಗುತ್ತದೆ ಎಂಬುದನ್ನು ಇದರಿಂದ ಊಹಿಸಬಹುದು.

ಒಳಗೆ ಹೋದ ಧೂಳು ಮಾಡುವುದೇನು? ಪಿಸ್ಟನ್ನು ಸಿಲಿಂಡರಿನ ಗೋಡೆಗೆ ನೇರವಾಗಿ ಉಜ್ಜುವುದಿಲ್ಲ. ನಡುವೆ ಎಣ್ಣೆಯ ಪೊರೆ ಇರುತ್ತದೆ. ಅದರ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನು ದಪ್ಪ. ಎಣ್ಣೆಯ ಪೊರೆ ಕೆಲವೇ ಮೈಕ್ರಾನಿನದು. ಪೊರೆಗಿಂತ ಸಣ್ಣ ಕಣ ಎಣ್ಣೆಯಲ್ಲಿ ತೇಲಿಕೊಂಡು ಹೋದೀತು. ತೀರ ದಪ್ಪ ಕಣ ಸಂದಿನೊಳಗೆ ನುಗ್ಗಲಾರದು. ಐದರಿಂದ ಇಪ್ಪತ್ತು ಮೈಕ್ರಾನಿನ ಕಣವಿದೆಯಲ್ಲ, ಅದೇ ಯಮ. ಪೊರೆಯನ್ನು ಭೇದಿಸಿ ಎರಡು ಲೋಹಗಳನ್ನೂ ಏಕಕಾಲದಲ್ಲಿ ಮುಟ್ಟುವ ಅಳತೆ ಅದರದು. ನಮ್ಮ ತರ್ಕಶಾಸ್ತ್ರದವರು ಕಿಟಕಿಯ ಬಿಸಿಲುಕೋಲಿನಲ್ಲಿ ಕುಣಿಯುವ ಕಣವನ್ನು ತ್ರಸರೇಣು ಎಂದು ಕರೆದು, ಕಣ್ಣಿಗೆ ಕಾಣುವ ವಸ್ತುಗಳಲ್ಲಿ ಅದೇ ಅತ್ಯಂತ ಸಣ್ಣದೆಂದರು. ಮನುಸ್ಮೃತಿ ತೂಕದ ಲೆಕ್ಕವನ್ನು ಅದರಿಂದಲೇ ಆರಂಭಿಸಿತು. ಎಂಜಿನ್ನಿಗೆ ಕಂಟಕವಾದ ಧೂಳು ಇದೇ ಅಂಚಿನದು. ಮೈಮೇಲೆ ಬಿದ್ದಾಗ ತಿಳಿಯುವುದಿಲ್ಲ. ಬೆರಳುಗಳ ನಡುವೆ ತಿಕ್ಕಿದರೆ ಗೋಪಿಯಷ್ಟು ನುಣುಪು.

ಮೇಲೆ ಹೇಳಿದ ಟ್ರ್ಯಾಕ್ಟರಿನ ಪಿಸ್ಟನ್ನು ಒಂದೊಂದು ಸಲಕ್ಕೆ 11 ಸೆಂಟಿಮೀಟರು ಇಳಿದು ಏರುತ್ತದೆ ಎಂದಿಟ್ಟುಕೊಂಡರೆ, ಎಂಟು ಗಂಟೆಯಲ್ಲಿ ಅದು ಇದ್ದಲ್ಲೇ 200 ಕಿಲೋಮೀಟರಿಗೂ ಹೆಚ್ಚು ಓಡಿರುತ್ತದೆ. ಅಷ್ಟು ದೂರವೂ ನಡುವೆ ಬೆಣಚಿನ ಹುಡಿ. ಗ್ಯಾರೇಜಿನಲ್ಲಿ ವಾಲ್ವುಗಳನ್ನು ಅರೆದು ಕೂರಿಸುವಾಗ ಒಂದು ಲೇಪ ಹಚ್ಚುವುದನ್ನು ನೀವು ನೋಡಿರಬಹುದು: ಗಡಸು ಹುಡಿಯನ್ನು ಎಣ್ಣೆ ಅಥವಾ ಗ್ರೀಸಿನಲ್ಲಿ ಕಲಸಿದ ಲೇಪ. ಲೋಹವನ್ನು ಸವೆಸುವುದಕ್ಕೆಂದೇ ಮಾಡಿದ್ದು. ಧೂಳು ಬೆರೆತ ಎಂಜಿನ್ ಎಣ್ಣೆಯೂ ಅದೇ ಲೇಪವಾಗಿಬಿಡುತ್ತದೆ. ಮೊದಲು ಸಿಲಿಂಡರಿನ ಮೇಲ್ಭಾಗ ಸವೆಯುತ್ತದೆ, ರಿಂಗುಗಳು ತೆಳುವಾಗುತ್ತವೆ, ರಿಂಗು ಕೂರುವ ಕಾಲುವೆಗಳು ಅಗಲವಾಗುತ್ತವೆ. ಬಳಿಕ ಉರಿದ ಹೊಗೆ ಕೆಳಗಿಳಿದು ಎಣ್ಣೆಯ ಪಾತ್ರೆಗೆ ಬರುತ್ತದೆ, ಎಣ್ಣೆ ಮೇಲೇರಿ ಉರಿಯುತ್ತದೆ. ಬೆಳಗ್ಗೆ ಸ್ಟಾರ್ಟು ಆಗಲು ತಕರಾರು, ಬ್ರೀದರಿನ ಬಾಯಲ್ಲಿ ಹೊಗೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ, ವಾರಕ್ಕೊಮ್ಮೆ ಎಣ್ಣೆ ಸೇರಿಸುವ ಕರ್ಮ, ಏರಿನಲ್ಲಿ ಶಕ್ತಿ ಸಾಲದೆ ಗೋಳಾಟ: ಇವೆಲ್ಲ ಬಂದಾಗ ಕೆಡುಕು ಆಗಿಹೋಗಿರುತ್ತದೆ. ಸವೆದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ. ಬೋರ್ ಮಾಡಿಸಬೇಕು, ಇಲ್ಲವೆ ಲೈನರು ಬದಲಿಸಬೇಕು.

ಶೋಧಕದ ಚರಿತ್ರೆ ನೂರು ವರ್ಷಕ್ಕೆ ಸ್ವಲ್ಪ ಮೀರಿದ್ದು. ಅಮೆರಿಕದ ಮಿನೆಸೋಟ ಪ್ರಾಂತದ ಫ್ರ್ಯಾಂಕ್ ಡೊನಾಲ್ಡ್‌ಸನ್ ಎಂಬ ಟ್ರ್ಯಾಕ್ಟರ್ ಮಾರಾಟಗಾರನು 1915ರಲ್ಲಿ, ಧೂಳಿನಿಂದ ಕೆಡುತ್ತಿದ್ದ ಗಿರಾಕಿಯ ಯಂತ್ರಕ್ಕಾಗಿ ತಂತಿಯ ಪಂಜರಕ್ಕೆ ಬಟ್ಟೆ ಹೊದಿಸಿ ಗಾಳಿಯ ಬಾಯಿಗೆ ಕೂರಿಸಿದನು. ಹೆನ್ರಿ ಫೋರ್ಡನ ಕಾರ್ಖಾನೆಯಿಂದ 1917ರಿಂದ ಹೊರಬಂದ ಫೋರ್ಡ್‌ಸನ್ ಟ್ರ್ಯಾಕ್ಟರಿನಲ್ಲಿ ಗಾಳಿಯನ್ನು ನೀರಿನಲ್ಲಿ ತೊಳೆದು ಒಳಗೆ ಬಿಡುತ್ತಿದ್ದರು, ಹುಕ್ಕದಂತೆ ಎನ್ನಿ. ಉಪಾಯ ಒಳ್ಳೆಯದೇ, ಆದರೆ ನೀರು ಆರಿದರೆ ಕಾವಲೂ ಆರಿತು. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರಳುಗಾಡು ಈ ಪಾಠವನ್ನು ಎಲ್ಲ ಸೇನೆಗಳಿಗೂ ಹೊಡೆದು ಕಲಿಸಿತು. ಬ್ರಿಟಿಷರ ಸ್ಪಿಟ್‌ಫೈರ್ ವಿಮಾನಕ್ಕೆ ಮೂಗಿನ ಕೆಳಗೆ ವೋಕ್ಸ್ ಎಂಬ ದೊಡ್ಡ ಶೋಧಕವನ್ನು ಕಟ್ಟಿದರು. ಧೂಳು ನಿಂತಿತು, ವಿಮಾನದ ವೇಗವೂ ತಗ್ಗಿತು. ಶತ್ರುವಿನ ವಿಮಾನ ಬೆನ್ನಟ್ಟಿರುವಾಗ ವೇಗ ತಗ್ಗುವುದೆಂದರೇನೆಂದು ಹೇಳಬೇಕಾಗಿಲ್ಲ. 1942ರಲ್ಲಿ ಈಜಿಪ್ಟಿನ ಅಬುಕೀರಿನಲ್ಲಿದ್ದ ವಾಯುಪಡೆಯ ದುರಸ್ತಿ ಶಾಲೆಯವರು ಅಲ್ಲಿಯೇ ಒಂದು ಚಿಕ್ಕ ಶೋಧಕವನ್ನು ರೂಪಿಸಿ ಈ ತೊಡಕನ್ನು ಬಹಳಮಟ್ಟಿಗೆ ಬಿಡಿಸಿದರು. ಶೋಧಿಸಬೇಕು, ಉಸಿರೂ ಕಟ್ಟಬಾರದು. ಈ ವಿದ್ಯೆಯ ಕಷ್ಟವೆಲ್ಲ ಈ ಎರಡು ಮಾತುಗಳ ನಡುವೆ ಇದೆ.

ಈಗ ನಮ್ಮ ಯಂತ್ರಗಳಲ್ಲಿ ಕಾಣುವುದು ಮುಖ್ಯವಾಗಿ ಎರಡು ಬಗೆ. ಹಳೆಯ ಟ್ರ್ಯಾಕ್ಟರುಗಳಲ್ಲಿ, ಪಂಪುಸೆಟ್ಟುಗಳಲ್ಲಿ, ಪವರ್ ಟಿಲ್ಲರುಗಳಲ್ಲಿ ಎಣ್ಣೆಬಟ್ಟಲಿನ ಶೋಧಕ. ಗಾಳಿ ನಡುವಣ ಕೊಳವೆಯಲ್ಲಿ ರಭಸದಿಂದ ಇಳಿದು, ಬಟ್ಟಲಿನ ಎಣ್ಣೆಯ ಮೇಲ್ಮೈಗೆ ಬಡಿದು ಥಟ್ಟನೆ ಮೇಲಕ್ಕೆ ತಿರುಗುತ್ತದೆ. ಗಾಳಿ ಹಗುರ, ತಿರುಗೀತು. ಧೂಳು ಭಾರ, ತಿರುಗಲಾರದೆ ಎಣ್ಣೆಯಲ್ಲಿ ಬೀಳುತ್ತದೆ. ಮೊರ ಹಿಡಿದು ತೂರುವಾಗ ಕಾಳು ಕಾಲಬುಡದಲ್ಲಿ ಬಿದ್ದು ಹೊಟ್ಟು ದೂರ ಹೋಗುವುದಿಲ್ಲವೆ? ತತ್ತ್ವ ಅದೇ. ಅಳಿದುಳಿದದ್ದನ್ನು ಎಣ್ಣೆಯಿಂದ ತೊಯ್ದ ಜಾಲರಿ ಹಿಡಿಯುತ್ತದೆ. ಇದು ನೂರಕ್ಕೆ 95ರಿಂದ 98ರವರೆಗೆ ಧೂಳನ್ನು ನಿಲ್ಲಿಸುತ್ತದೆ. ಎಂಜಿನ್ನು ನಿಧಾನವಾಗಿ ತಿರುಗುವಾಗ ಗಾಳಿಯ ರಭಸ ಕುಗ್ಗುವುದರಿಂದ ಅದೂ ಕುಗ್ಗುತ್ತದೆ.

ಈ ಬಟ್ಟಲಿನಲ್ಲಿ ಒಂದು ಗೆರೆ ಕೊರೆದಿರುತ್ತದೆ. ಆ ಗೆರೆಯನ್ನು ಲಕ್ಷ್ಮಣರೇಖೆಯೆಂದು ತಿಳಿಯಿರಿ. ಎಣ್ಣೆ ಕಡಮೆಯಾದರೆ ಧೂಳು ಒಳಗೆ ಹೋಗುತ್ತದೆ. ‘ಇನ್ನೂ ಸ್ವಲ್ಪ ಇರಲಿ’ ಎಂದು ಔದಾರ್ಯದಿಂದ ಹೆಚ್ಚು ಹೊಯ್ದರೆ ಎಂಜಿನ್ನು ಗಾಳಿಯ ಜೊತೆಗೆ ಆ ಎಣ್ಣೆಯನ್ನೂ ಹೀರಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿಗೆ ಅದೂ ಇಂಧನವೇ. ಡೀಸೆಲ್ ನಿಲ್ಲಿಸಿದರೂ ನಿಲ್ಲದೆ ಹುಚ್ಚುಹಿಡಿದಂತೆ ಓಡಿ ತನ್ನನ್ನು ತಾನೇ ಮುರಿದುಕೊಂಡ ಎಂಜಿನ್ನುಗಳುಂಟು. ಬಟ್ಟಲಿನ ತಳದಲ್ಲಿ ಕೆಸರು ಸೇರಿದಂತೆ ಎಣ್ಣೆಯ ಮಟ್ಟವೂ ಏರುವುದರಿಂದ, ಧೂಳಿನ ಕೆಲಸವಿದ್ದಾಗ ದಿನವೂ ಬಿಚ್ಚಿ ನೋಡಬೇಕು. ಬೆರಳಗಲ ಕೆಸರು ಕಂಡರೆ ಚೆಲ್ಲಿ, ಬಟ್ಟಲನ್ನೂ ಜಾಲರಿಯನ್ನೂ ಸೀಮೆಎಣ್ಣೆಯಲ್ಲಿ ಅಥವಾ ಡೀಸೆಲಿನಲ್ಲಿ ತೊಳೆದು, ಹೊಸ ಎಣ್ಣೆಯನ್ನು ಗೆರೆಯವರೆಗೆ ಹಾಕಬೇಕು. ಪೆಟ್ರೋಲಿನಲ್ಲಿ ತೊಳೆಯುವುದು ಬೇಡ, ಬೆಂಕಿಯ ಭಯ.

ಎರಡನೆಯದು ಕಾಗದದ ಶೋಧಕ. ಈಗಿನ ಟ್ರ್ಯಾಕ್ಟರು, ಲಾರಿ, ಕಾರು, ಬಹಳಷ್ಟು ಮೋಟಾರುಸೈಕಲ್ಲುಗಳಲ್ಲಿ ಇದೇ. ಬೀಸಣಿಗೆಯಂತೆ ಮಡಿಕೆಮಡಿಕೆಯಾಗಿ ಮಡಿಸಿದ ವಿಶೇಷ ಕಾಗದ. ಬಿಡಿಸಿ ಹಾಸಿದರೆ ಚಾಪೆಯಷ್ಟಾದೀತು. ದೊಡ್ಡ ಯಂತ್ರಗಳಲ್ಲಿ ಇದಕ್ಕೆ ಮೊದಲು ಗಾಳಿಯನ್ನು ಸುಳಿಯಂತೆ ಸುತ್ತಿಸುವ ಒಂದು ಏರ್ಪಾಡೂ ಇರುತ್ತದೆ. ಕವಣೆ ಬೀಸಿದಂತೆ ದಪ್ಪ ಧೂಳು ಹೊರಕ್ಕೆ ಸಿಡಿದು ಒಂದು ಬಟ್ಟಲಿನಲ್ಲಿ ಬೀಳುತ್ತದೆ. ಕಾಗದ ಒಳ್ಳೆಯದಾಗಿದ್ದು ಸರಿಯಾಗಿ ಕೂತಿದ್ದರೆ 99ಕ್ಕೂ ಮೀರಿ ಧೂಳನ್ನು ಹಿಡಿಯುತ್ತದೆ. ಇದರಲ್ಲಿ ಒಂದು ವಿಚಿತ್ರವುಂಟು. ಹೊಸ ಕಾಗದಕ್ಕಿಂತ ಸ್ವಲ್ಪ ಧೂಳು ಹಿಡಿದ ಕಾಗದ ಚೆನ್ನಾಗಿ ಶೋಧಿಸುತ್ತದೆ. ಹಿಡಿದ ಧೂಳೇ ಒಂದು ಪದರವಾಗಿ ನಿಂತು ಮುಂದೆ ಬರುವ ಧೂಳನ್ನು ತಡೆಯುತ್ತದೆ. ಹೊಸ ಬಟ್ಟೆಯಲ್ಲಿ ಕಾಫಿ ಸೋಸುವಾಗ ಮೊದಲ ಲೋಟದಲ್ಲಿ ಗಸಿ ಇಳಿದು ಬಳಿಕ ತಿಳಿಯಾಗುವುದನ್ನು ನೋಡಿದವರಿಗೆ ಇದು ಆಶ್ಚರ್ಯವಲ್ಲ. ಆದಕಾರಣ ಕಾಗದದ ಶೋಧಕವನ್ನು ದಿನದಿನವೂ ಬಿಚ್ಚುವುದು ಸೇವೆಯಲ್ಲ, ಹಿಂಸೆ. ಬಿಚ್ಚಿದಾಗಲೆಲ್ಲ ಒಂದಿಷ್ಟು ಧೂಳು ಒಳಬಾಯಿಗೆ ಉದುರುತ್ತದೆ, ಅಂಚಿನ ರಬ್ಬರು ಸಡಿಲವಾಗುತ್ತದೆ.

ಇಲ್ಲಿಯೇ ನನ್ನ ಹಳೆಯ ಶಿಷ್ಯನೊಬ್ಬನ ಮಾತು ಹೇಳಬೇಕು. ಚಳ್ಳಕೆರೆಯ ಕಡೆಯವನು, ಮಳೆ ಕಡಮೆ, ಶೇಂಗಾ ಬೆಳೆಯುವ ಸೀಮೆ. ಬ್ಯಾಂಕಿನ ಸಾಲದಲ್ಲಿ ಟ್ರ್ಯಾಕ್ಟರು ಕೊಂಡಿದ್ದ. ಸ್ವಂತ ಹೊಲ ಕಡಮೆ. ಊರಿನವರ ಹೊಲಗಳನ್ನು ಬಾಡಿಗೆಗೆ ಉತ್ತು ಕಂತು ಕಟ್ಟುವ ಹಂಚಿಕೆ. ಹುಡುಗ ಶುಚಿಗಾರ, ಗಾಡಿಯನ್ನು ಎತ್ತಿನಂತೆ ಮೈತೊಳೆದು ಇಟ್ಟುಕೊಳ್ಳುವವನು. ಎರಡನೆಯ ವರ್ಷ ತುಂಬುವ ಮೊದಲೇ ಎಂಜಿನ್ನು ನೀಲಿ ಹೊಗೆ ಬಿಡತೊಡಗಿತು. ಮುಂಗಾರಿನ ಮೊದಲ ಹದ ಬಿದ್ದು ಊರೆಲ್ಲ ಬಿತ್ತನೆಗೆ ಹೊರಟಾಗ ಅವನ ಗಾಡಿ ಗ್ಯಾರೇಜಿನಲ್ಲಿ ಎದೆ ಬಿಚ್ಚಿಕೊಂಡು ಕೂತಿತ್ತು. ಹದ ಯಾರಿಗಾಗಿಯೂ ಕಾಯುವುದಿಲ್ಲ. ಬಾಡಿಗೆ ಬೇರೆಯವರ ಪಾಲಾಯಿತು, ದುರಸ್ತಿಗೆ ಹೆಂಡತಿಯ ಸರ ಅಡವಿಗೆ ಹೋಯಿತು, ಕಂತು ನಿಂತಿತು.

ಕೈಪಿಡಿಯನ್ನು ತೆಗೆದುಕೊಂಡು ನನ್ನ ಹತ್ತಿರ ಬಂದವನು, “ಮೇಷ್ಟ್ರೇ, ಮೂರು ದಿನಕ್ಕೊಂದ್ಸಲ ಫಿಲ್ಟರು ಬಿಚ್ಚಿ ಸೋಪಿನ ನೀರಲ್ಲಿ ತೊಳ್ದು ಬಿಸಿಲಿಗೆ ಒಣಗಿಸ್ತಿದ್ದೆ. ಒಂದಿನಾನೂ ತೊಳೀದೆ ಇದ್ದೋರ ಗಾಡಿ ಚೆನ್ನಾಗೈತೆ, ನಂದು ಹೋಯ್ತು” ಎಂದನು.

“ತೊಳೆಯಲು ಯಾರು ಹೇಳಿದರಯ್ಯಾ?” ಎಂದೆ.

“ಗಾಡಿ ಕೊಡೋವಾಗ ಅವರೇ ಅಂದ್ರು, ಏರ್ ಫಿಲ್ಟರ್ ಆಗಾಗ ಕ್ಲೀನ್ ಮಾಡ್ತಿರಿ ಅಂತ.”

ಗಾಡಿ ಕೊಟ್ಟವರು ಹೇಳಿದ್ದು ಸುಳ್ಳಲ್ಲ. ಆದರೆ ಕ್ಲೀನ್ ಎಂಬ ಪದ ನಮ್ಮ ಹಳ್ಳಿಯ ಮನೆಗೆ ಬಂದಾಗ ಅದರ ಅರ್ಥ ತೊಳೆಯುವುದು ಎಂದೇ. ಪಾತ್ರೆ ಕ್ಲೀನು, ಬಟ್ಟೆ ಕ್ಲೀನು, ಅಂಗಳ ಕ್ಲೀನು, ಎಲ್ಲಕ್ಕೂ ನೀರು. ಕೈಪಿಡಿಯ ಒಳಪುಟದಲ್ಲಿ ಕಾಗದವನ್ನು ತೊಳೆಯಬಾರದೆಂದು ಸ್ಪಷ್ಟವಾಗಿ ಬರೆದಿತ್ತು, ಇಂಗ್ಲಿಷಿನಲ್ಲಿ. ನೀರಿನಲ್ಲಿ ನೆನೆದ ಕಾಗದ ಒಣಗಿದಾಗ ಮೊದಲಿನಂತೆ ಕಾಣುತ್ತದೆ; ಅದರ ನಾರುಗಳ ನೇಯ್ಗೆ ಮೊದಲಿನಂತಿರುವುದಿಲ್ಲ, ಅಲ್ಲಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಅವನ ಗಾಡಿಯಲ್ಲಿ ಶೋಧಕದಿಂದ ಎಂಜಿನ್ನಿಗೆ ಹೋಗುವ ಕೊಳವೆಯೊಳಗೆ ಬೆರಳಾಡಿಸಿದರೆ ಸಾಕಿತ್ತು, ಕೆಂಪು ಹುಡಿ ಬೆರಳಿಗೆ ಹತ್ತುತ್ತಿತ್ತು. ಪದವೊಂದನ್ನು ಅರೆಬರೆಯಾಗಿ ಅನುವಾದಿಸಿದರೆ ಪದ್ಯ ಕೆಡುತ್ತದೆ ಎಂದು ನಾನು ಹುಡುಗರಿಗೆ ಹೇಳುತ್ತಿದ್ದೆ. ಇಲ್ಲಿ ಒಂದು ಸಂಸಾರದ ವರ್ಷವೇ ಕೆಟ್ಟಿತು. ಯಂತ್ರ ಮಾರುವವರು ನಾಲ್ಕು ಸಾಲನ್ನು ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ ಶೋಧಕದ ಮುಚ್ಚಳಕ್ಕೇ ಅಂಟಿಸಿದರೆ ಅವರ ಗಂಟೇನೂ ಹೋಗದು.

ಹಾಗಾದರೆ ಮಾಡುವುದೇನು? ಗಾಳಿಯ ತಡೆ ಹೆಚ್ಚಿದೆಯೆಂದು ತೋರಿಸುವ ಸಣ್ಣ ಸೂಚಕ ಹಲವು ಟ್ರ್ಯಾಕ್ಟರುಗಳಲ್ಲಿ ಇರುತ್ತದೆ. ಅದು ಕೆಂಪು ತೋರಿಸಿದಾಗ ಬಿಚ್ಚಿರಿ. ಇಲ್ಲದಿದ್ದರೆ ಕೈಪಿಡಿ ಹೇಳಿದ ಗಂಟೆಗಳ ಲೆಕ್ಕ ಹಿಡಿಯಿರಿ. ಬಿಚ್ಚುವ ಮೊದಲು ಮುಚ್ಚಳದ ಸುತ್ತ ಒದ್ದೆಬಟ್ಟೆಯಲ್ಲಿ ಒರೆಸಿರಿ. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಕಾಗದಕ್ಕೆ ಒಂದು ಗೇಣು ದೂರದಿಂದ, ಒತ್ತಡ ಮೂವತ್ತು ಪೌಂಡು ಮೀರದಂತೆ. ಪಂಕ್ಚರ್ ಅಂಗಡಿಯವನು ಲಾರಿಯ ಟಾಯರಿಗೆ ಹೊಡೆಯುವ ಗಾಳಿಯನ್ನೇ ಇದಕ್ಕೂ ಹೊಡೆದರೆ ಕಾಗದ ತೂತಾಗುತ್ತದೆ. ಟಾಯರಿಗೆ ಬಡಿದು ಕೊಡವುವ ಪದ್ಧತಿ ನಮ್ಮ ಡ್ರೈವರುಗಳಲ್ಲಿ ಬೇರೂರಿದೆ. ಅದರಿಂದ ಕೊನೆಯ ತಗಡು ಸೊಟ್ಟಗಾಗಿ ಅಂಚಿನಲ್ಲಿ ಸಂದು ಬೀಳುತ್ತದೆ. ಬಳಿಕ ಕತ್ತಲೆ ಕೋಣೆಯಲ್ಲಿ ಶೋಧಕದೊಳಗೆ ಟಾರ್ಚು ಇಟ್ಟು ಸುತ್ತಲೂ ತಿರುಗಿಸಿ ನೋಡಿರಿ. ಸೂಜಿಮೊನೆಯಷ್ಟು ಬೆಳಕು ನೇರವಾಗಿ ಕಂಡರೂ ಅದು ಕಸದ ಬುಟ್ಟಿಗೆ. ಕೆಲವದರಲ್ಲಿ ಒಳಗೆ ಇನ್ನೊಂದು ಚಿಕ್ಕ ಶೋಧಕ ಇರುತ್ತದೆ. ಅದನ್ನು ಶುಚಿಮಾಡುವುದೇ ಇಲ್ಲ. ಅವಧಿ ಮುಗಿದ ಮೇಲೆ ಹೊಸದನ್ನು ಹಾಕುವುದು.

ಶೋಧಕ ಎಷ್ಟು ಒಳ್ಳೆಯದಾದರೂ ಅದರ ಆಚೆಯ ರಬ್ಬರು ಕೊಳವೆ ಸೀಳಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತೆ. ಬಿಸಿಲಿಗೂ ಎಂಜಿನ್ನಿನ ಕಾವಿಗೂ ರಬ್ಬರು ಒಣಗಿ ಮಡಿಕೆಗಳಲ್ಲಿ ಬಿರಿಯುತ್ತದೆ. ಕೈಯಿಂದ ಬಗ್ಗಿಸಿ ನೋಡಿದರೆ ಮಾತ್ರ ಕಾಣುತ್ತದೆ. ಕ್ಲಿಪ್ಪುಗಳು ಅದುರಿ ಅದುರಿ ಸಡಿಲವಾಗುತ್ತವೆ. ಪಂಪುಸೆಟ್ಟಿನಂಥ ಚಿಕ್ಕ ಎಂಜಿನ್ನಾದರೆ ಮೆಕ್ಯಾನಿಕ್ಕು ಒಂದು ಪರೀಕ್ಷೆ ಮಾಡಿ ತೋರಿಸಬಲ್ಲ. ನಿಧಾನವಾಗಿ ಓಡುತ್ತಿರುವಾಗ ಶೋಧಕದ ಬಾಯಿಗೆ ಒಂದು ಹಲಗೆಯನ್ನು ಒತ್ತಿಹಿಡಿದರೆ ಎಂಜಿನ್ನು ಉಸಿರು ಕಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಬೇರೆಲ್ಲಿಂದಲೋ ಉಸಿರಾಡುತ್ತಿದೆ. ಹಲಗೆಯ ಬದಲು ಅಂಗೈ ಇಡುವ ಸಾಹಸ ಬೇಡ. ಊರುಗಳಲ್ಲಿ ದೊಡ್ಡ ಲಾರಿ ಕಂಪನಿಯವರು ಹಳೆಯ ಎಂಜಿನ್ ಎಣ್ಣೆಯನ್ನು ಪ್ರಯೋಗಶಾಲೆಗೆ ಕಳುಹಿಸಿ ಅದರಲ್ಲಿ ಸಿಲಿಕಾನ್ ಎಷ್ಟಿದೆಯೆಂದು ನೋಡಿಸುತ್ತಾರೆ. ಅದು ಏರಿದರೆ ಎಲ್ಲೋ ಮಣ್ಣು ಒಳಗೆ ಬರುತ್ತಿದೆ ಎಂದು ಅರ್ಥ. ನಮಗೆ ಬೆರಳೇ ಪ್ರಯೋಗಶಾಲೆ.

ಗಾಳಿಯ ದಾರಿಯೊಂದೇ ದಾರಿಯಲ್ಲ. ಡೀಸೆಲಿನಲ್ಲಿ ಧೂಳು ಬಂದರೆ ಕೆಡುಕು ಇನ್ನೂ ಸೂಕ್ಷ್ಮವಾದ ಜಾಗದಲ್ಲಿ. ಡೀಸೆಲನ್ನು ಒತ್ತಿ ಚಿಮ್ಮಿಸುವ ಪಂಪಿನ ದಿಂಡಿಗೂ ಅದರ ಕೊಳವೆಗೂ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನು ಮಾತ್ರ. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಸಾವಿರಾರು ಪಾಲು ವಾಯುಮಂಡಲದ ಒತ್ತಡದಲ್ಲಿ ಡೀಸೆಲ್ ಚಿಮ್ಮುತ್ತದೆ. ಅಂಥ ಕಡೆ ಬಾಯಿ ತೆರೆದ ಕ್ಯಾನಿನಿಂದ, ಹೊಲದ ಬದುವಿನಲ್ಲಿ ಗಾಳಿ ಬೀಸುವಾಗ, ಮಣ್ಣುಮೆತ್ತಿದ ಆಲಿಕೆಯಿಂದ ಡೀಸೆಲ್ ಸುರಿದರೆ ಏನಾದೀತು? ಪೀಪಾಯಿಯಲ್ಲಿ ತಂದದ್ದನ್ನು ಒಂದು ದಿನ ಅಲುಗಾಡಿಸದೆ ಇಟ್ಟು, ತಳದ ನಾಲ್ಕು ಬೆರಳನ್ನು ಬಿಟ್ಟು ಮೇಲಿನದನ್ನು ತೆಗೆಯಿರಿ. ಕೆಲಸ ಮುಗಿದ ಸಂಜೆಯೇ ಟ್ಯಾಂಕು ತುಂಬಿಸಿರಿ. ಬರಿದಾದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ನೀರು ಹನಿಗಟ್ಟುವುದೂ ತಪ್ಪುತ್ತದೆ. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಹೆಗಲ ಮೇಲಿನ ವಸ್ತ್ರದಲ್ಲಿ ಒರೆಸಿ ಮತ್ತೆ ಒಳಗಿಡುವವರನ್ನು ನೋಡಿದ್ದೇನೆ. ಆ ವಸ್ತ್ರ ಬೆಳಗಿನಿಂದ ಹೊಲದ ಧೂಳನ್ನೆಲ್ಲ ಒರೆಸಿದ ವಸ್ತ್ರ. ಗ್ರೀಸು ತುಂಬುವ ಮೊಲೆತೊಟ್ಟಿನಂಥ ಬಾಯಿಗಳನ್ನೂ ಒರೆಸದೆ ಗ್ರೀಸು ಒತ್ತಿದರೆ ಮೊದಲು ಒಳಗೆ ಹೋಗುವುದು ಮಣ್ಣೇ.

ಕೊಯ್ಲುಯಂತ್ರದವರಿಗೆ ಇನ್ನೊಂದು ಮಾತು. ಹೊಟ್ಟು ರೇಡಿಯೇಟರಿನ ಜಾಲರಿಗೆ ಕಟ್ಟಿಕೊಂಡು ಎಂಜಿನ್ನು ಕಾಯುತ್ತದೆ. ಕಾದ ಎಣ್ಣೆ ತೆಳುವಾಗುತ್ತದೆ, ಪೊರೆ ಇನ್ನೂ ಸಣ್ಣದಾಗುತ್ತದೆ, ಮೊದಲು ಕಾಟ ಕೊಡದ ಸಣ್ಣ ಕಣವೂ ಆಗ ಗೀರತೊಡಗುತ್ತದೆ. ಗದ್ದೆಯಿಂದ ಗದ್ದೆಗೆ ಹೋಗುವಾಗ ಆ ಜಾಲರಿಯನ್ನು ಕೊಡವಿರಿ. ಮಣ್ಣುರಸ್ತೆಯಲ್ಲಿ ಮುಂದಿನ ಗಾಡಿಗೆ ಅಂಟಿಕೊಂಡು ಹೋಗದೆ ಅದರ ಧೂಳು ಕುಳಿತುಕೊಳ್ಳುವಷ್ಟು ಹಿಂದೆ ಉಳಿಯುವುದಕ್ಕೆ ಕಾಸಿನ ಖರ್ಚಿಲ್ಲ. ನಿಮ್ಮ ಶ್ವಾಸಕೋಶಕ್ಕೂ ಅದು ಒಳ್ಳೆಯದು. ಎಂಜಿನ್ನಿಗಾದರೋ ಲೈನರು ಬದಲಿಸಬಹುದು. ಕಲ್ಲಿನ ಕ್ರಷರುಗಳಲ್ಲಿ ಬರಿಮೂಗಿನಲ್ಲಿ ದುಡಿಯುವವರ ಎದೆಯಲ್ಲಿ ಇದೇ ಬೆಣಚಿನ ಹುಡಿ ಸೇರಿ ಬರುವ ಸಿಲಿಕೋಸಿಸ್ ಎಂಬ ರೋಗಕ್ಕೆ ಅಂಥ ಬದಲಿ ಇಲ್ಲ. ಯಂತ್ರದ ಮೂಗಿಗೆ ಶೋಧಕ ಕಟ್ಟಿ ಅದನ್ನು ನಡೆಸುವ ಆಳಿನ ಮೂಗನ್ನು ಹಾಗೆಯೇ ಬಿಟ್ಟಿರುವ ಯಜಮಾನರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

ಹಂಗಾಮು ಮುಗಿದು ಎಂಜಿನ್ನನ್ನು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲಿಸುವಾಗ ಗಾಳಿಯ ಬಾಯಿಗೂ ಸೈಲೆನ್ಸರಿನ ಬಾಯಿಗೂ ಬಟ್ಟೆ ಕಟ್ಟಿರಿ. ಧ���ಳು ತಾನಾಗಿ ಬಾರದಿದ್ದರೂ, ಕಣಜದ ಹುಳು ಅಂಥ ಕೊಳವೆಗಳನ್ನು ಹುಡುಕಿಕೊಂಡು ಬಂದು ಬಾಯಿತುಂಬ ಮಣ್ಣು ತಂದು ಗೂಡು ಕಟ್ಟುತ್ತದೆ. ಮುಂಗಾರಿನಲ್ಲಿ ಸ್ಟಾರ್ಟು ಮಾಡಿದ ಮೊದಲ ಗಳಿಗೆಗೇ ಆ ಗೂಡು ಪುಡಿಯಾಗಿ ಒಳಗೆ ಹೋಗುತ್ತದೆ. ಬಟ್ಟೆ ಕಟ್ಟಿದ್ದು ಮರೆತುಹೋಗದಂತೆ ಅದೇ ಬಟ್ಟೆಯ ಒಂದು ಚೂರನ್ನು ಬೀಗದ ಕೈಗೂ ಕಟ್ಟಿಡಿರಿ.